ಮೂರನೆಯ ಸಿಲಿಂಡರಿನ ಮೌನ

ಮನೆಯಲ್ಲಿ ಯಂತ್ರವೊಂದು ಕೆಟ್ಟಿತೆಂದರೆ ಅದನ್ನು ಕೆಡಿಸಿದವರು ಯಾರೆಂಬ ಪ್ರಶ್ನೆಯೇ ಮೊದಲು ಹುಟ್ಟುತ್ತದೆ. ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂಬ ವಿಚಾರ ಆಮೇಲಿನದು. ರುಬ್ಬುವ ಯಂತ್ರ ನಿಂತರೆ ಸೊಸೆಯ ಮೇಲೆ, ನೀರೆತ್ತುವ ಪಂಪು ಸುಟ್ಟರೆ ಆಳಿನ ಮೇಲೆ, ಕಾರು ನಡುದಾರಿಯಲ್ಲಿ ಕೈಕೊಟ್ಟರೆ ಅದನ್ನು ನಡೆಸುತ್ತಿದ್ದವನ ಮೇಲೆ ಅಪವಾದ ಹೊರಿಸಿ ನೆಮ್ಮದಿ ಕಾಣುವುದು ನಮ್ಮ ಕುಟುಂಬಗಳಲ್ಲಿ ರೂಢಿಯಾಗಿಬಿಟ್ಟಿದೆ. ಯಂತ್ರಕ್ಕೆ ಬಾಯಿಲ್ಲ, ಮನೆಯ ಕಿರಿಯರಿಗೆ ಬಾಯಿದ್ದರೂ ಆಡುವ ಅವಕಾಶವಿಲ್ಲ. ಹೀಗಾಗಿ ಯಂತ್ರದ ರೋಗ ಮನುಷ್ಯರ ನಡುವಿನ ರೋಗವಾಗಿ ಪರಿಣಮಿಸುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ.

2024ರ ಮಳೆಗಾಲದಲ್ಲಿ ನಮ್ಮ ಮನೆಯ ಕಾರಿಗೆ ಅಂಥದೊಂದು ರೋಗ ತಗುಲಿತ್ತು. ಗ್ಯಾರೇಜಿನ ಭಾಷೆಯಲ್ಲಿ ಅದಕ್ಕೆ 'ಮಿಸ್ಸಿಂಗ್' ಎಂದೂ 'ಗಾಡಿ ಮಿಸ್ ಹೊಡೆಯುತ್ತದೆ' ಎಂದೂ ಹೇಳುತ್ತಾರೆ. ಪುಸ್ತಕಗಳಲ್ಲಿ ಇದನ್ನೇ ಮಿಸ್‌ಫೈರ್ ಎಂದು ಕರೆಯಲಾಗಿದೆ. ಎಂಜಿನ್ನಿನ ಸಿಲಿಂಡರುಗಳಲ್ಲಿ ಒಂದು ತನ್ನ ಸರದಿ ಬಂದಾಗ ಉರಿಯದೆ ಸುಮ್ಮನಿದ್ದುಬಿಡುವುದೇ ಈ ವ್ಯಾಧಿಯ ಸ್ವರೂಪ. ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಓದಿ, ಜೀವಮಾನವೆಲ್ಲ ಪಾಠ ಹೇಳುವುದರಲ್ಲಿ ಕಳೆದ ನಮಗೆ ಎಂಜಿನ್ನಿನ ವಿಷಯವನ್ನು ಬರೆಯುವ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ಆದರೆ ಈ ದುರಸ್ತಿಯ ಕಥೆಯಲ್ಲಿ ನಾವು ಕಲಿತ ಶಾಸ್ತ್ರಕ್ಕೂ ಒಂದು ಸ್ಥಾನವಿದೆ. ನಮ್ಮ ಕುಟುಂಬದ ಹುಡುಗನೊಬ್ಬನ ಮಾನದ ಪ್ರಶ್ನೆಯೂ ಅಡಗಿದೆ. ಆದ್ದರಿಂದ ಬರೆಯುತ್ತಿದ್ದೇವೆ.

ಮೊದಲು ಎಂಜಿನ್ನಿನ ನಡೆಯನ್ನು ಸ್ಥೂಲವಾಗಿ ತಿಳಿಯುವುದು ಅವಶ್ಯ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ಎಂಬಾತ ಸಿದ್ಧಪಡಿಸಿದ ನಾಲ್ಕು ಹೊಡೆತಗಳ ಕ್ರಮವೇ ಇಂದಿಗೂ ಪೆಟ್ರೋಲ್ ಕಾರುಗಳಲ್ಲಿ ನಡೆದುಬಂದಿದೆ. ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆ ಸೆಳೆದುಕೊಳ್ಳುವುದು ಮೊದಲನೆಯದು. ಮೇಲೇರುತ್ತ ಅದನ್ನು ಒತ್ತಿ ಹಿಡಿಯುವುದು ಎರಡನೆಯದು. ಆಗ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು ಮೂರನೆಯದು. ಸುಟ್ಟ ಹೊಗೆಯನ್ನು ಹೊರಗಟ್ಟುವುದು ನಾಲ್ಕನೆಯದು. ಈ ನಾಲ್ಕರಲ್ಲಿ ದುಡಿಮೆಯ ಹೊಡೆತ ಮೂರನೆಯದೊಂದೇ. ಉಳಿದ ಮೂರೂ ಅದಕ್ಕೆ ಸಿದ್ಧತೆಗಳು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಸೆಕೆಂಡಿಗೆ 25 ಬಾರಿ, ನಾಲ್ಕೂ ಸೇರಿ 100 ಬಾರಿ ಉರಿಯಬೇಕು. ಇಷ್ಟೊಂದು ಉರಿಗಳು ಒಂದರ ಹಿಂದೊಂದು ತಪ್ಪದೆ ಬರುವುದರಿಂದಲೇ ಒಳಗೆ ಕುಳಿತವರಿಗೆ ಅದು ಎಡೆಬಿಡದ ಒಂದೇ ಶ್ರುತಿಯಂತೆ ಕೇಳಿಸುತ್ತದೆ. ನಾಲ್ವರಲ್ಲಿ ಒಬ್ಬ ಸುಮ್ಮನಾದರೆ ಶ್ರುತಿ ಮುರಿಯುತ್ತದೆ, ಬಂಡಿ ನಡುಗುತ್ತದೆ, ಉಳಿದ ಮೂವರು ಅವನ ಭಾರವನ್ನೂ ಹೊತ್ತು ಏದುಸಿರು ಬಿಡುತ್ತಾರೆ.

ಉರಿ ಹತ್ತುವುದಕ್ಕೆ ಮೂರು ಅನುಕೂಲತೆಗಳು ಕೂಡಿಬರಬೇಕು. ಸಮಯಕ್ಕೆ ಸರಿಯಾಗಿ ಬಲವಾದ ಕಿಡಿ, ತಕ್ಕ ಪ್ರಮಾಣದ ಮಿಶ್ರಣ, ಸೋರಿಕೆಯಿಲ್ಲದ ಒತ್ತಡ. ಒಂದು ಪಾಲು ಶುದ್ಧ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಹದಿನಾಲ್ಕೂವರೆ ಪಾಲಿಗೂ ತುಸು ಹೆಚ್ಚು ಗಾಳಿ ಬೇಕು. ಕಿಡಿ ಹಾರಬೇಕಾದ ಅಂತರವೋ ಬಹುತೇಕ ಪ್ಲಗ್ಗುಗಳಲ್ಲಿ ಒಂದು ಮಿಲಿಮೀಟರಿನ ಆಸುಪಾಸು. ಅಷ್ಟೇ ಅಂತರವಾದರೂ ಒತ್ತಿ ಹಿಡಿದ ಗಾಳಿಯನ್ನು ಸೀಳಿ ಹಾರುವುದಕ್ಕೆ ಸಾವಿರಾರು ವೋಲ್ಟುಗಳ ಶಕ್ತಿ ಬೇಕಾಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ಅಂಥ ಮಟ್ಟಕ್ಕೆ ಏರಿಸಿಕೊಡುವುದು ಇಗ್ನಿಷನ್ ಕಾಯಿಲಿನ ಕೆಲಸ. ಹಿಂದಿನ ಕಾರುಗಳಲ್ಲಿ ನಾಲ್ಕೂ ಸಿಲಿಂಡರುಗಳಿಗೆ ಒಂದೇ ಕಾಯಿಲ್ ಇದ್ದು, ಡಿಸ್ಟ್ರಿಬ್ಯೂಟರ್ ಎಂಬ ಸಾಧನ ಸರದಿಯಂತೆ ಕಿಡಿಯನ್ನು ಹಂಚುತ್ತಿತ್ತು. ಈಗಿನ ಬಹಳಷ್ಟು ಕಾರುಗಳಲ್ಲಿ ಪ್ರತಿಯೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ನಮ್ಮ ಕಾರೂ ಆ ಬಗೆಯದೇ; 2013ರ ಕೊನೆಯಲ್ಲಿ ಕೊಂಡದ್ದು.

ಆ ಕಾರಿನ ಮುಖ್ಯ ಪ್ರಯೋಜನ ನಮ್ಮ ಅತ್ತಿಗೆಯವರಿಗೆ. ಅವರಿಗೆ ಮೂತ್ರಪಿಂಡಗಳು ಕೈಕೊಟ್ಟು ವರ್ಷಗಳಾದವು. ವಾರಕ್ಕೆ ಎರಡು ದಿನ ಧಾರವಾಡದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ದಾರಿ ಇಪ್ಪತ್ತು ಕಿಲೋಮೀಟರಿನಷ್ಟು. ಹೋಗುವಾಗ ಅವರು ಹೇಗಾದರೂ ಕುಳಿತಾರು. ಬರುವಾಗ ತ್ರಾಣವೆಲ್ಲ ಉಡುಗಿ ಹಿಂದಿನ ಆಸನದಲ್ಲಿ ಒರಗಿರುತ್ತಾರೆ. ಅವರನ್ನು ಕರೆದೊಯ್ದು ತರುವ ಹೊಣೆ ನಮ್ಮ ತಮ್ಮನ ಮಗನದು. ಪದವಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕಿಕೊಂಡಿದ್ದ ಆ ಹುಡುಗ ತಾನಾಗಿಯೇ ಹೊತ್ತುಕೊಂಡ ಹೊಣೆಯದು.

ಜೂನ್ ತಿಂಗಳಲ್ಲಿ ಕಾರು ನಿಂತಲ್ಲಿಯೇ ನಡುಗಲಾರಂಭಿಸಿತು. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಸ್ಟಿಯರಿಂಗು ಕೈಯಲ್ಲಿ ಅದುರುತ್ತಿತ್ತು. ಏರು ಬಂದಾಗ ಎಷ್ಟು ತುಳಿದರೂ ವೇಗ ಏರದು. ಹಿಂಬದಿಯ ಹೊಗೆ ಕೊಳವೆಯಲ್ಲಿ ಹಸಿ ಪೆಟ್ರೋಲಿನ ವಾಸನೆ. ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಪರಿಚಿತ ವರ್ಕ್‌ಶಾಪೊಂದಕ್ಕೆ ಒಯ್ದಾಗ ಅವರು ಸ್ಕ್ಯಾನರ್ ಜೋಡಿಸಿ, 'ಪಿ 0303' ಎಂಬ ಸಂಕೇತ ಬಂದಿದೆಯೆಂದು ಹೇಳಿ, ಮೂರನೆಯ ಸಿಲಿಂಡರಿನ ಕಾಯಿಲನ್ನು ಬದಲಾಯಿಸಿಕೊಟ್ಟರು. ಕಾರು ಮೊದಲಿನಂತಾಯಿತು. ಐದು ವಾರ ಕಳೆಯುವಷ್ಟರಲ್ಲಿ ಅದೇ ರೋಗ ಮರುಕಳಿಸಿತು. ಜುಲೈ ತಿಂಗಳ ಕೊನೆಯ ಒಂದು ಸಂಜೆ ಸುರಿವ ಮಳೆಯಲ್ಲಿ, ಆಸ್ಪತ್ರೆಯಿಂದ ಮರಳುವಾಗ, ಸತ್ತೂರಿನ ಹತ್ತಿರ ಆ ಹಳದಿ ದೀಪ ಕಣ್ಣು ಪಿಳುಕಿಸತೊಡಗಿತು. ಹುಡುಗ ಬಂಡಿಯನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟ. ಬಾಡಿಗೆಯ ವಾಹನ ಸಿಗುವವರೆಗೆ ಮುಕ್ಕಾಲು ಗಂಟೆ ಅತ್ತಿಗೆಯವರು ದಾರಿಯಲ್ಲಿಯೇ ಉಳಿಯಬೇಕಾಯಿತು.

ಆ ರಾತ್ರಿ ಮನೆಯಲ್ಲಿ ನಡೆದ ವಿಚಾರಣೆಯನ್ನು ವಾಚಕರು ಊಹಿಸಬಲ್ಲರು. ಸಿಕ್ಕ ಸಿಕ್ಕ ಬಂಕಿನಲ್ಲಿ ಪೆಟ್ರೋಲು ಹಾಕಿಸುತ್ತಾನೆ ಎಂದರೊಬ್ಬರು. ಗೇರು ಬದಲಿಸುವ ರೀತಿಯೇ ಸರಿಯಿಲ್ಲ, ಗೆಳೆಯರನ್ನು ಕೂರಿಸಿಕೊಂಡು ಓಡಿಸಿದ್ದಾನೆ ಎಂದರು ಇನ್ನೊಬ್ಬರು. ಪೇಷಂಟನ್ನು ಇಟ್ಟುಕೊಂಡು ನಡುದಾರಿಯಲ್ಲಿ ಗಾಡಿ ನಿಲ್ಲಿಸುವುದೇ, ಹೇಗಾದರೂ ಮನೆಗೆ ತರಬಾರದಿತ್ತೇ ಎಂಬುದು ಅವನ ತಂದೆಯ ಆಕ್ಷೇಪ. ಹುಡುಗ ಒಂದು ಮಾತನ್ನೂ ಆಡದೆ ಕಾರಿನ ಕೀಲಿಯನ್ನು ಗೋಡೆಯ ಮೊಳೆಗೆ ತಗುಲಿಹಾಕಿ ಒಳಗೆ ಹೋದ. ಮರುದಿನ ಅದೇ ವರ್ಕ್‌ಶಾಪಿನವರು, ಹೊಸ ಕಾಯಿಲ್ ಹಾಕಿದರೂ ರೋಗ ಹೋಗಿಲ್ಲವೆಂದ ಮೇಲೆ ಎಂಜಿನ್ ಬಿಚ್ಚಲೇಬೇಕು, ಅರವತ್ತು ಸಾವಿರದವರೆಗೆ ಖರ್ಚು ಬೀಳಬಹುದು ಎಂದು ತಿಳಿಸಿದರು. ಅಷ್ಟು ಹಣ ಹಾಕುವುದಕ್ಕಿಂತ ಕಾರನ್ನು ಮಾರಿಬಿಡುವುದೇ ಲೇಸೆಂಬ ಮಾತು ಹುಟ್ಟಿತು. ಬಸ್ಸಿನಲ್ಲಿ ಅತ್ತಿಗೆಯವರು ಹೇಗೆ ಹೋಗಿಬರುತ್ತಾರೆಂಬ ಪ್ರಶ್ನೆಗೆ ಮಾತ್ರ ಯಾರಲ್ಲಿಯೂ ಉತ್ತರವಿರಲಿಲ್ಲ.

ಇಲ್ಲಿ ನಮ್ಮ ಹಳೆಯ ಓದು ನೆರವಿಗೆ ಬಂದಿತು. 1970ರ ದಶಕದಲ್ಲಿ ಪಾಠಶಾಲೆಯಲ್ಲಿ ನಮಗೆ ತರ್ಕದ ಆರಂಭದ ಪಾಠವಾದದ್ದು ಹದಿನೇಳನೆಯ ಶತಮಾನದ ಅನ್ನಂಭಟ್ಟನ ತರ್ಕಸಂಗ್ರಹದಿಂದ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ಕೇಳದವರು ವಿರಳ. ಅಡುಗೆಮನೆಯಲ್ಲಿ ಹೊಗೆಯಿದೆ, ಬೆಂಕಿಯೂ ಇದೆ, ಇದು ಅನ್ವಯ. ಸರೋವರದಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ, ಇದು ವ್ಯತಿರೇಕ. ಒಂದು ಇದ್ದಲ್ಲಿ ಇನ್ನೊಂದು ಇರುವುದನ್ನೂ, ಅದು ಇಲ್ಲದಲ್ಲಿ ಇದೂ ಇಲ್ಲದಿರುವುದನ್ನೂ ಎರಡೂ ಕಡೆಯಿಂದ ನೋಡಿದ ಬಳಿಕವೇ ಎರಡಕ್ಕೂ ಸಂಬಂಧ ಹೇಳಬೇಕೆಂಬುದು ನಮ್ಮ ಗುರುಗಳು ಬೆತ್ತ ಹಿಡಿದು ಕಲಿಸಿದ ಪಾಠ. ಹಾಗೆಯೇ 'ಅನ್ಯಥಾಸಿದ್ಧ' ಎಂಬ ಇನ್ನೊಂದು ಮಾತಿದೆ. ಕುಂಬಾರನ ಮಡಕೆಗೆ ಮಣ್ಣು ಕಾರಣ, ತಿಗರಿ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಹತ್ತಿರದಲ್ಲಿಯೇ ನಿಂತಿದ್ದರೂ ಅದು ಮಡಕೆಗೆ ಕಾರಣವಲ್ಲ.

ನಾವು ತಮ್ಮನನ್ನು ಕೂರಿಸಿಕೊಂಡು ಕೇಳಿದೆವು: ಪೆಟ್ರೋಲು ಕೆಟ್ಟದ್ದಾಗಿದ್ದರೆ ಅದು ನಾಲ್ಕೂ ಸಿಲಿಂಡರುಗಳಿಗೆ ಹೋಗುವುದು ಒಂದೇ ತೊಟ್ಟಿಯಿಂದ, ಒಂದೇ ಕೊಳವೆಯಿಂದ ತಾನೆ? ಒಂದೇ ಪಾತ್ರೆಯ ಅಂಬಲಿ ಉಂಡ ನಾಲ್ವರಲ್ಲಿ ಪ್ರತಿಸಲವೂ ಮೂರನೆಯವನೊಬ್ಬನಿಗೇ ಹೊಟ್ಟೆನೋವು ಬರುವುದುಂಟೆ? ಗೇರು ಬದಲಿಸುವ ಕೈಯಾದರೂ ಅಷ್ಟೇ. ಅದು ಮೂರನೆಯ ಸಿಲಿಂಡರನ್ನು ಹುಡುಕಿಕೊಂಡು ಹೋಗಿ ನೋಯಿಸಲಾರದು. ಎಲ್ಲರಿಗೂ ಸಾಮಾನ್ಯವಾದ ಕಾರಣದಿಂದ ಎಲ್ಲರಿಗೂ ತೊಂದರೆಯಾಗಬೇಕು; ಒಬ್ಬನಿಗೇ ತೊಂದರೆಯೆಂದರೆ ಕಾರಣವೂ ಅವನ ಬಳಿಯೇ ಇರಬೇಕು. ಹುಡುಗ ಪ್ರತಿಸಲ ಕಾರಿನಲ್ಲಿದ್ದನೆಂಬುದು ಕುಂಬಾರನ ಕತ್ತೆಯ ಸಾನ್ನಿಧ್ಯದಂಥದು. ತಮ್ಮ ನಕ್ಕ; ಆದರೆ ಒಪ್ಪಿದನೆಂದು ಹೇಳಲಾರೆವು. 'ತರ್ಕದಿಂದ ಗಾಡಿ ನಡೆಯುವುದಿಲ್ಲ' ಎಂದ. ಹಾಗಿದ್ದರೆ ಎಂಜಿನ್ ಬಿಚ್ಚುವ ಮುನ್ನ ಇನ್ನೊಬ್ಬರ ಕೈಯಲ್ಲಿ ಪರೀಕ್ಷೆ ಮಾಡಿಸೋಣವೆಂದು ನಾವು ಹೇಳಿದ ಮಾತಿಗೆ ಮಾತ್ರ ಆತ ಇಲ್ಲವೆನ್ನಲಿಲ್ಲ.

ಹಾಗೆ ನಾವು ಹೋದದ್ದು ಹಳೆಯ ಬಡಾವಣೆಯ ಒಂದು ಚಿಕ್ಕ ಗ್ಯಾರೇಜಿಗೆ. ಮೇಸ್ತ್ರಿಗಳು ನಮಗಿಂತ ಹತ್ತು ವರ್ಷ ಕಿರಿಯರು. ಅವರು ಬಾನೆಟ್ಟಿಗೆ ಕೈಹಾಕುವ ಮುನ್ನ ಹುಡುಗನನ್ನೇ ಕರೆದು ಕೇಳತೊಡಗಿದರು. ನಡುಕ ಬರುವುದು ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ನಿಂತಾಗ ಹೆಚ್ಚೋ, ಏರಿನಲ್ಲಿ ಹೆಚ್ಚೋ? ಮಳೆಯ ದಿನ ಹೇಗೆ, ಬಿಸಿಲಿನ ದಿನ ಹೇಗೆ? ದೀಪ ಸ್ಥಿರವಾಗಿತ್ತೋ, ಪಿಳುಕಿಸುತ್ತಿತ್ತೋ? ಎರಡು ತಿಂಗಳಲ್ಲಿ ಅವನನ್ನು ಈ ಬಗೆಯಾಗಿ ಪ್ರಶ್ನಿಸಿದವರು ಅವರೇ ಮೊದಲಿಗರು. ಹುಡುಗ ಒಂದೊಂದಕ್ಕೂ ಸ್ಪಷ್ಟವಾಗಿ ಉತ್ತರ ಕೊಟ್ಟ: ಬಿಸಿಯಾದ ಮೇಲೆ ಹೆಚ್ಚು, ಏರಿನಲ್ಲಿ ಹೆಚ್ಚು, ಮಳೆಯಲ್ಲಿ ಇನ್ನೂ ಹೆಚ್ಚು. ದೀಪ ಪಿಳುಕಿಸಿದಾಗ ಗಾಡಿ ನಿಲ್ಲಿಸಿದ್ದನ್ನು ಹೇಳಿದಾಗ ಮೇಸ್ತ್ರಿಗಳು, 'ಛಲೋ ಮಾಡಿದಿ ನೋಡು. ಓಡಿಸಿದ್ದರ ಕನ್ವರ್ಟರೂ ಹೋಗ್ತಿತ್ತು' ಎಂದರು.

ಆ ಮಾತಿನ ಅರ್ಥವನ್ನು ಅವರೇ ವಿವರಿಸಿದರು. ಉರಿಯದೆ ಉಳಿದ ಪೆಟ್ರೋಲು ಹೊಗೆಯ ಕೊಳವೆಗೆ ಇಳಿಯುತ್ತದೆ. ಅಲ್ಲಿ ಹೊಗೆಯ ವಿಷವನ್ನು ಶೋಧಿಸುವುದಕ್ಕಾಗಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನವಿದೆ. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿರುವ ಜೇನುಗೂಡಿನಂಥ ಪಿಂಗಾಣಿಯ ಗಟ್ಟಿಯದು. ಹಸಿ ಪೆಟ್ರೋಲು ಅಲ್ಲಿ ಹೊತ್ತಿಕೊಂಡರೆ ಕಾವು ಮಿತಿಮೀರಿ ಆ ಗೂಡೇ ಕರಗಬಹುದು. ದೀಪ ಸ್ಥಿರವಾಗಿ ಉರಿದರೆ ಬೇಗ ತೋರಿಸಿಕೊಳ್ಳಿರೆಂದು ಅರ್ಥ. ಪಿಳುಕಿಸಿದರೆ ವೇಗ ತಗ್ಗಿಸಿ, ಸುರಕ್ಷಿತ ಸ್ಥಳ ನೋಡಿ ನಿಲ್ಲಿಸಿರೆಂದು ಅರ್ಥ. ಹುಡುಗನ ಮೇಲೆ ಹೊರಿಸಿದ್ದ ದೊಡ್ಡ ಅಪವಾದವೇ ಅವನ ವಿವೇಕದ ಕೆಲಸವೆಂದು ಸಿದ್ಧವಾಯಿತು. ಅವನ ತಂದೆ ಪಕ್ಕದಲ್ಲಿಯೇ ನಿಂತು ಇದನ್ನೆಲ್ಲ ಕೇಳುತ್ತಿದ್ದ.

ಬಳಿಕ ಸ್ಕ್ಯಾನರ್ ಜೋಡಿಸಿದರು. ಮತ್ತದೇ ಪಿ 0303. ಈ ಸಂಕೇತಗಳ ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2013ರ ಏಪ್ರಿಲಿನಿಂದ ಜಾರಿಗೆ ಬಂದಿತು. 'ಪಿ' ಎಂದರೆ ಎಂಜಿನ್ ಮತ್ತು ಗೇರಿನ ವಿಭಾಗ. ನಡುವಿನ ಮೂರು ಕಿಡಿಗೂ ಉರಿ ತಪ್ಪುವುದಕ್ಕೂ ಸಂಬಂಧಿಸಿದ ವರ್ಗ. ಕಡೆಯ ಮೂರು ಸಿಲಿಂಡರಿನ ಸಂಖ್ಯೆ. ಯಾವುದೆಂದು ನಿಶ್ಚಯವಿಲ್ಲದೆ ಹಲವು ಸಿಲಿಂಡರುಗಳಲ್ಲಿ ಉರಿ ತಪ್ಪುತ್ತಿದ್ದರೆ ಪಿ 0300 ಎಂದು ಬರುತ್ತದೆ. ಕಾರಿನ ಗಣಕಕ್ಕೆ ಇದು ತಿಳಿಯುವ ಬಗೆ ಸ್ವಾರಸ್ಯಕರವಾದುದು. ಎಂಜಿನ್ನಿನ ಮುಖ್ಯ ದಂಡದೊಡನೆ ತಿರುಗುವ ಹಲ್ಲುಗಾಲಿಯೊಂದನ್ನು ಅದು ಸದಾ ಗಮನಿಸುತ್ತಿರುತ್ತದೆ. ಪ್ರತಿಯೊಂದು ಉರಿಯಿಂದಲೂ ದಂಡಕ್ಕೆ ಒಂದು ಚಿಕ್ಕ ನೂಕು ಸಿಗುತ್ತದೆ. ಯಾರ ಸರದಿಯಲ್ಲಿ ಆ ನೂಕು ಬಾರದೆ ಗಾಲಿ ಕೂದಲೆಳೆಯಷ್ಟು ನಿಧಾನಿಸಿತೋ ಅವನ ಸಂಖ್ಯೆಯನ್ನು ಬರೆದಿಡುತ್ತದೆ. ಹಾಗಾದರೆ ಗಣಕ ಹೇಳುವುದು ಇಷ್ಟೇ: ಮೂರನೆಯವನು ದುಡಿಯಲಿಲ್ಲ. ಏಕೆ ದುಡಿಯಲಿಲ್ಲವೆಂಬುದು ಅದಕ್ಕೆ ಗೊತ್ತಿಲ್ಲ. ಸಂಕೇತವು ಸ್ಥಳವನ್ನು ತೋರಿಸುತ್ತದೆ. ಕಾರಣವನ್ನು ಮನುಷ್ಯನೇ ಹುಡುಕಬೇಕು. ಸ್ಥಳವನ್ನೇ ಕಾರಣವೆಂದು ತಿಳಿದು ಕಂಡದ್ದನ್ನು ಬದಲಾಯಿಸುತ್ತ ಹೋದರೆ ಹಣ ಹೋದೀತು, ರೋಗ ಉಳಿದೀತು.

ಮೇಸ್ತ್ರಿಗಳು ಎಂಜಿನ್ ತಣಿಯುವವರೆಗೆ ಕಾದರು. ಅಲ್ಯೂಮಿನಿಯಮ್ಮಿನ ತಲೆಯಿಂದ ಬಿಸಿಯಿದ್ದಾಗ ಪ್ಲಗ್ಗು ತಿರುಗಿಸಿದರೆ ಮರೆಗಳು ಕಿತ್ತುಬರುವ ಭಯವಿದೆಯಂತೆ. ಅನಂತರ ಮೂರನೆಯ ಕಾಯಿಲನ್ನು ಕಿತ್ತು ಒರೆಸಿ ಎರಡನೆಯದರ ಜಾಗದಲ್ಲಿಯೂ, ಎರಡನೆಯದನ್ನು ಮೂರನೆಯದರ ಜಾಗದಲ್ಲಿಯೂ ಕೂರಿಸಿದರು. ಬೇರೇನನ್ನೂ ಮುಟ್ಟಲಿಲ್ಲ. ಹಳೆಯ ಸಂಕೇತವನ್ನು ಅಳಿಸಿ ಎಂಜಿನ್ ಚಾಲೂ ಮಾಡಿ, ಬಿಸಿಯಾಗುವವರೆಗೆ ಬಿಟ್ಟು, ಹುಡುಗನನ್ನೇ ಕೂರಿಸಿ ಒಂದು ಸುತ್ತು ಓಡಿಸಿಕೊಂಡು ಬಂದರು. ಈ ಸಲ ಪಿ 0302. ರೋಗವು ಕಾಯಿಲಿನೊಡನೆ ಎರಡನೆಯ ಮನೆಗೆ ಹೋಗಿತ್ತು. ಮೂರನೆಯ ಮನೆ ಆರೋಗ್ಯವಾಗಿತ್ತು. ನಮಗೆ ಮೈ ಝುಮ್ಮೆಂದಿತು. ಕಾಯಿಲ್ ಇದ್ದಲ್ಲಿ ರೋಗವಿದೆ, ಕಾಯಿಲ್ ಇಲ್ಲದಲ್ಲಿ ರೋಗವಿಲ್ಲ. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ನಾವು ಐವತ್ತು ವರ್ಷ ಓಲೆಗರಿಯ ಮಾತಾಗಿ ಪಾಠ ಹೇಳಿದ್ದನ್ನು ಆ ಮೇಸ್ತ್ರಿಗಳು ಹತ್ತು ನಿಮಿಷದಲ್ಲಿ ಪಾನೆಯೊಂದರಿಂದ ಮಾಡಿ ತೋರಿಸಿದ್ದರು.

ಮಠದಲ್ಲಿ ನಾವಿದ್ದ ದಿನಗಳಲ್ಲಿ ಒಂದು ಅಂಬಾಸಡರ್ ಕಾರಿತ್ತು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಚಾಲಕ ಎಂಜಿನ್ ನಡೆಯುತ್ತಿರುವಾಗಲೇ ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ಕಳಚಿ ಕಿವಿಗೊಡುತ್ತಿದ್ದುದು ಆಗ ನೆನಪಾಯಿತು. ಕಳಚಿದಾಗ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರು ದುಡಿಯುತ್ತಿತ್ತೆಂದು ಅರ್ಥ; ಕಳಚಿದರೂ ವ್ಯತ್ಯಾಸವಾಗದಿದ್ದರೆ ಅದೇ ಸೋಮಾರಿ. ಅದೂ ಇದೇ ನ್ಯಾಯ. ಮೇಸ್ತ್ರಿಗಳಿಗೆ ಇದನ್ನು ಹೇಳಿದಾಗ ಅವರು, ಈಗಿನ ಕಾರುಗಳಲ್ಲಿ ಹಾಗೆ ಮಾಡಬಾರದು, ಎಂಜಿನ್ ನಡೆಯುವಾಗ ಕಾಯಿಲ್ ಎತ್ತಿದರೆ ಕೈಗೆ ಪ್ರಬಲವಾದ ಆಘಾತವಾದೀತು, ಕಾಯಿಲೂ ಗಣಕವೂ ಸುಟ್ಟಾವು, ಹೃದಯಕ್ಕೆ ಪೇಸ್‌ಮೇಕರ್ ಇಟ್ಟುಕೊಂಡವರಂತೂ ಹತ್ತಿರವೂ ನಿಲ್ಲಬಾರದು ಎಂದು ಎಚ್ಚರಿಸಿದರು.

ಕಾಯಿಲೇ ರೋಗಿಯೆಂದು ಸಿದ್ಧವಾದ ಮೇಲೆ ನಮ್ಮ ತಮ್ಮ, 'ಹಾಗಾದರೆ ಇನ್ನೊಂದು ಹೊಸದು ಹಾಕಿಬಿಡಿ' ಎಂದ. ಮೇಸ್ತ್ರಿಗಳು ತಲೆಯಾಡಿಸಿದರು. ಐದು ವಾರದ ಹಿಂದೆ ಹಾಕಿದ ಹೊಸ ಕಾಯಿಲ್ ಏಕೆ ಸತ್ತಿತೆಂದು ಕೇಳದೆ ಇನ್ನೊಂದು ಹಾಕಿದರೆ ಅದೂ ಸಾಯುತ್ತದೆ ಎಂಬುದು ಅವರ ಉತ್ತರ. ಟಾರ್ಚು ಹಿಡಿದು ಮೂರನೆಯ ಪ್ಲಗ್ಗು ಕುಳಿತಿರುವ ಆಳವಾದ ಗುಂಡಿಯನ್ನು ತೋರಿಸಿದರು. ತಳದಲ್ಲಿ ಕಪ್ಪಗೆ ಎಣ್ಣೆ ಮಿನುಗುತ್ತಿತ್ತು. ಎಂಜಿನ್ನಿನ ತಲೆಯ ಮುಚ್ಚಳದ ಕೆಳಗೆ ಪ್ಲಗ್ಗಿನ ಕೊಳವೆಯ ಸುತ್ತ ರಬ್ಬರಿನ ಉಂಗುರಗಳಿವೆ. ಹನ್ನೊಂದು ಬೇಸಗೆಗಳ ಕಾವಿನಲ್ಲಿ ಅವುಗಳಲ್ಲೊಂದು ಗಡುಸಾಗಿ ಬಿರಿದಿತ್ತು. ಅಲ್ಲಿಂದ ಎಣ್ಣೆ ಹನಿಹನಿಯಾಗಿ ಜಿನುಗಿ ಗುಂಡಿಯಲ್ಲಿ ನಿಂತು, ಕಾಯಿಲಿನ ರಬ್ಬರಿನ ಕಾಲುಚೀಲವನ್ನು ಉಬ್ಬಿಸಿ ಮೆತ್ತಗಾಗಿಸಿತ್ತು. ಒಳಗೋಡೆಯ ಮೇಲೆ ಸುಟ್ಟ ಗೆರೆಯೊಂದು ಕಾಣಿಸುತ್ತಿತ್ತು. ವಿದ್ಯುತ್ತು ಪ್ಲಗ್ಗಿನ ತುದಿಗೆ ಹೋಗಿ ಒತ್ತಿದ ಗಾಳಿಯನ್ನು ಸೀಳುವ ಕಷ್ಟವನ್ನು ಬಿಟ್ಟು ಈ ಗೆರೆಯ ಗುಂಟ ಇಳಿದು ಲೋಹಕ್ಕೆ ಸೇರಿಬಿಡುತ್ತಿತ್ತು. ಏರಿನಲ್ಲಿ ಸಿಲಿಂಡರಿನೊಳಗೆ ಗಾಳಿ ಹೆಚ್ಚು ತುಂಬಿ ಒತ್ತಡ ಹೆಚ್ಚುವುದರಿಂದ ಕಿಡಿಗೆ ನೇರದಾರಿ ಮತ್ತಷ್ಟು ಕಠಿಣ. ಮಳೆಯ ತೇವದಲ್ಲಿ ಅಡ್ಡದಾರಿ ಮತ್ತಷ್ಟು ಸುಲಭ. ಹುಡುಗ ಕೊಟ್ಟ ಉತ್ತರಗಳೆಲ್ಲಕ್ಕೂ ಅರ್ಥ ದೊರೆಯಿತು.

ತರ್ಕದ ಪಾಠದಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಹೊಗೆಯಿದ್ದಲ್ಲಿ ಬೆಂಕಿಯಿದೆಯೆಂಬುದು ನಿಜ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಾಗಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಗೆ ಹಸಿ ಕಟ್ಟಿಗೆ ಕೂಡಿದಾಗ ಮಾತ್ರ ಹೊಗೆ. ಹಾಗೆಯೇ ಉಳಿದ ಮೂರು ಕಾಯಿಲುಗಳು ಹನ್ನೊಂದು ವರ್ಷದಿಂದ ದುಡಿಯುತ್ತಿರುವಾಗ ಈ ಒಂದು ಮಾತ್ರ ಐದು ವಾರದಲ್ಲಿ ಹಾಳಾಗಬೇಕಾದರೆ ಅದಕ್ಕೆ ಕೂಡಿಬಂದ 'ಹಸಿ' ಯಾವುದೆಂದು ನೋಡಬೇಕಾಗಿತ್ತು. ಆ ಹಸಿಯೇ ಎಣ್ಣೆ. ಮೊದಲಿನವರು ಕಾಯಿಲನ್ನು ಬದಲಿಸಿದರು. ಗುಂಡಿಯ ತಳವನ್ನು ನೋಡಿದಂತೆ ತೋರಲಿಲ್ಲ.

ಎಂಜಿನ್ ಬಿಚ್ಚಬೇಕೆಂಬ ಮಾತಿಗೂ ಮೇಸ್ತ್ರಿಗಳು ಪರೀಕ್ಷೆಯಿಂದಲೇ ಉತ್ತರ ಹೇಳಿದರು. ಗುಂಡಿಗಳಿಗೆ ಗಾಳಿ ಊದಿ ಎಣ್ಣೆ ಕಸಗಳನ್ನು ತೆಗೆದು ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿದರು. ಮೂರರ ತುದಿ ತಿಳಿಗಂದು ಬಣ್ಣವಾಗಿ ಒಣಗಿತ್ತು. ಅಷ್ಟರಲ್ಲಿ ಕಾಯಿಲ್ ಸ್ಥಳಾಂತರಗೊಂಡಿದ್ದರಿಂದ ಎರಡನೆಯದರ ಪ್ಲಗ್ಗು ಪೆಟ್ರೋಲಿನಿಂದ ತೊಯ್ದಿತ್ತು; ಎಂದರೆ ಉಣಿಸು ಬಂದಿದೆ, ಉರಿ ಬಂದಿಲ್ಲ. ಪೆಟ್ರೋಲನ್ನೂ ಕಿಡಿಯನ್ನೂ ತಡೆದು, ಒಂದೊಂದು ಸಿಲಿಂಡರಿಗೂ ಒತ್ತಡಮಾಪಕ ಜೋಡಿಸಿ, ಆಕ್ಸಿಲರೇಟರನ್ನು ಪೂರ್ತಿ ತುಳಿಸಿ, ಎಂಜಿನ್ನನ್ನು ಸ್ಟಾರ್ಟರಿನಿಂದ ಅಷ್ಟಷ್ಟೇ ಸುತ್ತು ತಿರುಗಿಸಿದರು. ಚದರ ಸೆಂಟಿಮೀಟರಿಗೆ 12, 12, 11.5, 12 ಕಿಲೋಗ್ರಾಂ. ನಾಲ್ವರೂ ಸಮಬಲರು. ಒಬ್ಬನದು ತೀರ ಕಡಿಮೆ ಬಂದಿದ್ದರೆ ಅಲ್ಲಿ ಒಂದು ಚಮಚೆ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರಂತೆ. ಆಗ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಏರದಿದ್ದರೆ ವಾಲ್ವುಗಳು ಸರಿಯಾಗಿ ಮುಚ್ಚುತ್ತಿಲ್ಲ. ಅಕ್ಕಪಕ್ಕದ ಇಬ್ಬರದೂ ಕಡಿಮೆಯಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ನಮ್ಮ ಕಾರಿಗೆ ಅದಾವುದೂ ಇರಲಿಲ್ಲ. ಒಡಲು ಗಟ್ಟಿಯಾಗಿದ್ದ ಎಂಜಿನ್ನಿಗೆ ಶಸ್ತ್ರಚಿಕಿತ್ಸೆ ತಪ್ಪಿತು.

ತಲೆಯ ಮುಚ್ಚಳದ ಗ್ಯಾಸ್ಕೆಟ್, ನಾಲ್ಕೂ ಕೊಳವೆಗಳ ರಬ್ಬರ್ ಉಂಗುರಗಳು, ನಾಲ್ಕು ಹೊಸ ಪ್ಲಗ್ಗು, ಒಂದು ಕಾಯಿಲ್, ಕೂಲಿ ಎಲ್ಲ ಸೇರಿ ಆರು ಸಾವಿರದೊಳಗೆ ಮುಗಿಯಿತು. ತೆಗೆದ ಸಾಮಾನುಗಳನ್ನೆಲ್ಲ ಕಾಗದದಲ್ಲಿ ಸುತ್ತಿ ನಮ್ಮ ಕೈಗೇ ಕೊಟ್ಟರು. ಆ ಬಿರಿದ ಉಂಗುರವನ್ನು ನಾವು ಅಂಗೈಯಲ್ಲಿಟ್ಟುಕೊಂಡು ನೋಡಿದೆವು. ಬಳೆಯಷ್ಟೂ ದೊಡ್ಡದಲ್ಲ. ಅದು ಬಿರಿದಿದ್ದಕ್ಕಾಗಿ ಒಂದು ಕಾರು ಮಾರಾಟಕ್ಕೆ ಬಂದಿತ್ತು, ಒಬ್ಬ ರೋಗಿಯ ದಾರಿ ಕಟ್ಟುವುದರಲ್ಲಿತ್ತು, ಒಬ್ಬ ಹುಡುಗ ವಾರಗಟ್ಟಲೆ ಪಡಸಾಲೆಯಲ್ಲಿ ಕುಳಿತು ಉಣ್ಣುವುದನ್ನು ಬಿಟ್ಟಿದ್ದ.

ಮನೆಗೆ ಬಂದ ಮೇಲೆ ಅತ್ತಿಗೆಯವರು ಎಲ್ಲವನ್ನೂ ಕೇಳಿ ನಮ್ಮ ತಮ್ಮನನ್ನು ಕರೆದು ಒಂದೇ ಮಾತು ಹೇಳಿದರು: 'ಗಾಡಿ ನಡಗೋದು ಬಿಟ್ಟಿತು. ಇನ್ನ ಹುಡುಗನ್ನ ಮಾತಾಡಸು.' ತಮ್ಮ ಹೆಚ್ಚೇನೂ ಮಾತಾಡಿದಂತೆ ನಮಗೆ ಕೇಳಿಸಲಿಲ್ಲ. ಮೊಳೆಯಲ್ಲಿದ್ದ ಕೀಲಿಯನ್ನು ತೆಗೆದು ಮಗನ ಕೈಗೆ ಕೊಟ್ಟು, ಶುಕ್ರವಾರ ಎಷ್ಟು ಗಂಟೆಗೆ ಹೊರಡುತ್ತೀಯೆಂದು ಕೇಳಿದ. ತಂದೆಮಕ್ಕಳ ನಡುವೆ ಅಷ್ಟು ಸಾಕಾಗಿತ್ತು. ಅಂದಿನಿಂದ ಕಾರು ಹುಬ್ಬಳ್ಳಿಯ ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಕಾರು ಇಟ್ಟುಕೊಂಡ ಕುಟುಂಬಗಳಿಗೆ ಪ್ರಯೋಜನವಾದೀತೆಂದು ಕೆಲವು ಮಾತುಗಳನ್ನು ಸೇರಿಸುತ್ತೇವೆ. ನಡುಕ ಕಂಡಾಗ ಅದು ಯಾವ ಸ್ಥಿತಿಯಲ್ಲಿ ಬರುತ್ತದೆಂದು ಬರೆದಿಟ್ಟುಕೊಳ್ಳಿ. ವಾಹನ ನಡೆಸುವವರನ್ನೇ ಕೇಳಿ, ಅವರೇ ಪ್ರತ್ಯಕ್ಷ ಸಾಕ್ಷಿಗಳು. ಸಂಕೇತವನ್ನು ಅಳಿಸುವ ಮುನ್ನ ಕಾಗದದ ಮೇಲೆ ಬರೆಯಿಸಿಕೊಳ್ಳಿ. ಬ್ಯಾಟರಿಯ ತಂತಿ ಕಳಚಿದರೂ ಅದು ಅಳಿಸಿಹೋಗುವುದುಂಟು. ಕಾಯಿಲನ್ನು ಸ್ಥಳ ಬದಲಿಸಿದಾಗ ರೋಗ ಅದರೊಡನೆ ಹೋಗದೆ ಅಲ್ಲಿಯೇ ಉಳಿದರೆ ಪ್ಲಗ್ಗನ್ನು, ಆಮೇಲೆ ಇಂಜೆಕ್ಟರನ್ನು ಅದೇ ರೀತಿ ಪರೀಕ್ಷಿಸಬೇಕು. ಕಡೆಗೆ ಒತ್ತಡವನ್ನು ಅಳೆಯಬೇಕು. ನಿಂತಾಗ ಮಾತ್ರ ನಡುಗಿ, ವೇಗ ಏರಿದಂತೆ ಸರಿಹೋದರೆ ಎಲ್ಲಿಯೋ ರಬ್ಬರಿನ ಕೊಳವೆ ಬಿರಿದು ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತಿರಬಹುದು. ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತ ಬೆಳ್ಳನೆಯ ಹೊಗೆ ಬಂದರೆ ತಡಮಾಡದೆ ತೋರಿಸಿ. ಪ್ಲಗ್ಗುಗಳನ್ನು ಕೈಪಿಡಿಯಲ್ಲಿ ಹೇಳಿದ ಅಂತರಕ್ಕೆ ತಪ್ಪದೆ ಬದಲಿಸಿ. ಆಗ ಗುಂಡಿಯಲ್ಲಿ ಎಣ್ಣೆಯಿದೆಯೇ ಎಂದು ಟಾರ್ಚು ಹಾಕಿ ನೋಡಲು ಹೇಳಿ.

ಎಲ್ಲಕ್ಕೂ ಮಿಗಿಲಾಗಿ, ಇಂಥದು ಕೆಟ್ಟಿದೆ ಎಂದು ಯಾರಾದರೂ ನಿರ್ಣಯ ಹೇಳಿದಾಗ 'ಅದು ಹೇಗೆ ತಿಳಿಯಿತು?' ಎಂದು ವಿನಯದಿಂದ ಕೇಳುವ ಅಭ್ಯಾಸವಿರಲಿ. ಪರೀಕ್ಷಿಸಿ ನೋಡಿದವರು ಆ ಪ್ರಶ್ನೆಗೆ ಸಂತೋಷದಿಂದ ಉತ್ತರಿಸುತ್ತಾರೆ. ಊಹಿಸಿದವರು ಮಾತ್ರ ಸಿಟ್ಟಾಗುತ್ತಾರೆ. ಗ್ಯಾರೇಜಿನಲ್ಲಿ ಈ ಪ್ರಶ್ನೆಯಿಂದ ನಮಗೆ ಉಳಿದದ್ದು ಐವತ್ತು ಸಾವಿರಕ್ಕೂ ಮೇಲೆ. ಮನೆಯೊಳಗೆ ಕಿರಿಯರ ಮೇಲೆ ದೂರು ಬಂದಾಗಲೂ ಹಿರಿಯರು ಮೊದಲು ಇದೇ ಪ್ರಶ್ನೆಯನ್ನು ಕೇಳಲೆಂಬುದು ನಮ್ಮ ಬಿನ್ನಹ.